ಕೈ ಅಡ್ಡ ಬಂದರೆ ಪಾಸ್

ಕಣ್ಣು ಕುಕ್ಕುವ ಟಾರ್ಚೇ ಒಳ್ಳೆಯ ಟಾರ್ಚ್. ವಿಜಯನಗರದಿಂದ ಬ್ಯಾಡರಹಳ್ಳಿಯವರೆಗೆ ಎಲ್ಲರೂ ಇದನ್ನು ನಂಬಿದ್ದರು. ಮಾರುವವರು ನಂಬಿದ್ದರು, ಕೊಳ್ಳುವವರು ನಂಬಿದ್ದರು, ನನ್ನ ಗಂಡನೂ ನಂಬಿದ್ದರು. ಎಲ್ಲರೂ ಸೇರಿ ಒಂದೇ ಮಾತನ್ನು ನಂಬಿಕೊಂಡಿರುವ ಕಡೆ ನಗುವುದಕ್ಕೆ ಬೇರೆ ಏರ್ಪಾಟು ಬೇಕಿಲ್ಲ, ಬಾಯಿ ಮುಚ್ಚಿಕೊಂಡು ಕಾದರೆ ಸಾಕು. ನನಗೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವಿಲ್ಲ. ಆದರೂ ನಗು ಸಿಕ್ಕಿತು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ವಯಸ್ಸು ಐವತ್ತರ ಹತ್ತಿರ. ಮಂಡಿ ಇನ್ನೂ ಚೆನ್ನಾಗಿದೆ, ಆದ್ದರಿಂದ ಸೈಕಲ್ ತುಳಿಯುತ್ತೇನೆ. ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಒಂದು ಸೈಕಲ್ ಗುಂಪಿದೆ. ಭಾನುವಾರ ಬೆಳಕು ಹರಿಯುವ ಮುಂಚೆ ಹೊರಟು, ಮಾಗಡಿ ರಸ್ತೆಯಲ್ಲಿ ಊರು ದಾಟಿ, ತುಳಿದು ಕರಗಿಸಿದ್ದಕ್ಕಿಂತ ಜಾಸ್ತಿ ಇಡ್ಲಿ ತಿಂದು ವಾಪಸ್ ಬರುವುದು ಗುಂಪಿನ ಧ್ಯೇಯ. ಇದಕ್ಕೊಬ್ಬ ಕ್ಯಾಪ್ಟನ್. ಯಾವುದೋ ಕಾರ್ಖಾನೆಯಿಂದ ನಿವೃತ್ತರಾದವರು. ಅವರನ್ನು ಯಾರೂ ಆರಿಸಿದ್ದಲ್ಲ. ಅವರ ಹತ್ತಿರ ಸೀಟಿ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಬ್ಯಾಡರಹಳ್ಳಿ ದಾಟಿದ ಮೇಲೆ, ಪೈಪ್ ಹಾಕಲು ಅಗೆದು ಮರೆತುಬಿಟ್ಟಿದ್ದ ಗುಂಡಿಯೊಂದಕ್ಕೆ ಕತ್ತಲಲ್ಲಿ ನಾನು ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಕ್ಯಾಪ್ಟನ್ ಮನೆಗೆ ಬಂದರು. ಕಿತ್ತಳೆ ಹಣ್ಣು ಕೊಟ್ಟರು, ಕಾಫಿ ಕುಡಿದರು, ಆಮೇಲೆ ತೀರ್ಪು ಹೇಳಿದರು. ಗುಂಪು ಮಾಗಡಿ ಹತ್ತಿರದ ಒಂದು ಮಾವಿನ ತೋಪಿನಲ್ಲಿ ಕ್ಯಾಂಪ್ ಮಾಡುವುದಿತ್ತು. ಎಲ್ಲರೂ ಕತ್ತಲಲ್ಲೇ ಸೈಕಲ್ಲಿನಲ್ಲಿ ಹೊರಡುವುದು. ಟೆಂಟು, ಅಡುಗೆ ಪಾತ್ರೆ ಎಲ್ಲ ಬೆಳಕಾದ ಮೇಲೆ ಟೆಂಪೋದಲ್ಲಿ ಬರುವುದು.

"ಮೇಡಂ, ನೀವು ಟೆಂಪೋದಲ್ಲಿ ಬಂದುಬಿಡಿ. ಪಾತ್ರೆ ಜೊತೆ."

"ಪಾತ್ರೆಗೂ ನನಗೂ ಏನ್ ಸಾರ್ ಸಂಬಂಧ?"

"ಉರುಳದ ಹಾಗೆ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ನನಗಿಂತ ಮುಂಚೆ ಗಂಡಸರೂ ಬಿದ್ದಿದ್ದರು. ಒಬ್ಬರು ಚರಂಡಿಗೆ ಬಿದ್ದಿದ್ದರು, ಇನ್ನೊಬ್ಬರು ನಿಂತಿದ್ದ ಎಮ್ಮೆಗೆ ಗುದ್ದಿದ್ದರು. ಅವರಿಗೆ ಯಾರೂ ಪಾತ್ರೆ ಹಿಡಿಯಲು ಹೇಳಿರಲಿಲ್ಲ.

"ನಾನು ಟೆಂಪೋ ಹತ್ತಲ್ಲ" ಎಂದೆ.

"ಹಾಗಾದ್ರೆ ಒಳ್ಳೇ ಟಾರ್ಚ್ ತಗೊಳ್ಳಿ. ನಾನು ಟೆಸ್ಟ್ ಮಾಡ್ತೀನಿ. ಪಾಸ್ ಆದ್ರೆ ಸೈಕಲ್. ಇಲ್ಲಾಂದ್ರೆ ಪಾತ್ರೆ."

ಕ್ಯಾಪ್ಟನ್ನರ ಟೆಸ್ಟ್ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಟಾರ್ಚನ್ನು ಅವರ ಮುಖಕ್ಕೆ ಬಿಡಬೇಕು. ಅವರ ಕೈ ತಾನಾಗಿಯೇ ಕಣ್ಣಿಗೆ ಅಡ್ಡ ಬಂದರೆ ಪಾಸ್.

೧. ಎರಡು ಕಿಲೋಮೀಟರ್

ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಮಟಮಟ ಮಧ್ಯಾಹ್ನ. ಕತ್ತಲಿಗೆ ಬೇಕಾದ ವಸ್ತುವನ್ನು ನಮ್ಮ ಜನ ಕೊಳ್ಳುವುದು ಅದೇ ಹೊತ್ತಿನಲ್ಲಿ.

"ಸೈಕಲ್‌ಗೆ ಕಟ್ಟೋಕೆ ಒಂದು ಟಾರ್ಚ್ ಬೇಕು. ಕ್ಯಾಂಪಿಗೂ ಆಗಬೇಕು. ತುಂಬಾ ರೇಟಿಂದು ಬೇಡ."

ಅಂಗಡಿಯವರು ಒಂದನ್ನು ತೆಗೆದು, ಬಟನ್ ಒತ್ತಿ, ನೇರ ನನ್ನ ಕಣ್ಣಿಗೆ ಬಿಟ್ಟರು.

"ಹೆಂಗೆ?"

"ಏನೂ ಕಾಣಿಸ್ತಿಲ್ಲ."

"ನೋಡಿದ್ರಾ!" ಎಂದರು, ಹೆಮ್ಮೆಯಿಂದ. "ಇನ್ನೊಂದಿದೆ, ಇದಕ್ಕಿಂತ ಪವರು."

ಎರಡನೆಯದನ್ನೂ ಬಿಟ್ಟರು. ಅವರ ಮುಖ ಇದ್ದ ಜಾಗದಲ್ಲಿ ಈಗ ಒಂದು ನೇರಳೆ ಬಣ್ಣದ ಇಡ್ಲಿ ತೇಲುತ್ತಿತ್ತು. ನಾನು ಇಡ್ಲಿಯ ಜೊತೆ ಮಾತು ಮುಂದುವರಿಸಿದೆ.

"ನೆಲಕ್ಕೆ ಬಿಟ್ಟು ತೋರಿಸಿ."

"ನೆಲಕ್ಕೆ ಬಿಟ್ರೆ ಏನ್ ಗೊತ್ತಾಗುತ್ತೆ ಮೇಡಂ?"

"ನೆಲ ಗೊತ್ತಾಗುತ್ತೆ."

"ಅಯ್ಯೋ, ಇದು ಎರಡು ಕಿಲೋಮೀಟರ್ ಹೋಗುತ್ತೆ ಮೇಡಂ. ಇಲ್ಲಿ ಬಿಟ್ರೆ ಅತ್ತಿಗುಪ್ಪೆ ಕಾಣುತ್ತೆ."

"ನನಗೆ ಅತ್ತಿಗುಪ್ಪೆ ಬೇಡ. ಸೈಕಲ್ ಮುಂದೆ ಇರೋ ಹತ್ತು ಅಡಿ ಕಂಡರೆ ಸಾಕು."

"ಎರಡು ಕಿಲೋಮೀಟರ್ ಒಳಗೇ ಹತ್ತು ಅಡಿ ಬಂತಲ್ಲ ಮೇಡಂ. ಅದನ್ನ ಫ್ರೀ ಅಂತ ತಿಳ್ಕೊಳ್ಳಿ."

ಇಷ್ಟರಲ್ಲಿ ಬಲ್ಬ್ ಹೋಲ್ಡರ್ ಕೊಳ್ಳಲು ಬಂದಿದ್ದ ಯುವಕನೊಬ್ಬ ನಮ್ಮ ಮಾತು ಕೇಳಿ ಆಸೆಪಟ್ಟ. "ನನಗೂ ಒಂದ್ಸಲ ಬಿಡಿ ಅಣ್ಣ" ಎಂದು ತಾನಾಗಿಯೇ ಮುಖ ಒಡ್ಡಿದ. ಅಂಗಡಿಯವರು ಬಿಟ್ಟರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಅಬ್ಬಬ್ಬಾ" ಎಂದ. ಚೌಕಾಸಿ ಮಾಡದೆ ದುಡ್ಡು ಕೊಟ್ಟು, ಹೋಲ್ಡರ್ ಅಲ್ಲೇ ಮರೆತು, ಟಾರ್ಚ್ ಎತ್ತಿಕೊಂಡು ಹೊರಟ. ಬಾಗಿಲ ಹತ್ತಿರ ಇದ್ದ ಮೆಟ್ಟಿಲು ಅವನಿಗೆ ಕಾಣಲಿಲ್ಲ.

ಫುಟ್‌ಪಾತಿನ ಮೇಲೆ ಕೂತ ಭಂಗಿಯಲ್ಲೇ ಅವನು ಫೋನ್ ತೆಗೆದು ಯಾರಿಗೋ ಹೇಳುತ್ತಿದ್ದ: "ಮಗಾ, ಸಖತ್ ಟಾರ್ಚ್ ಸಿಕ್ತು ಕಣೋ. ನೀನೂ ಬಂದು ತಗೋ."

೨. ಅತ್ತೆಯ ಮಂಡಿ

ನಾನು ಬರಿಗೈಯಲ್ಲಿ ಬಂದದ್ದು ನೋಡಿ ನನ್ನ ಗಂಡ ಜವಾಬ್ದಾರಿ ಹೊತ್ತುಕೊಂಡರು.

"ಈ ಕಾಲದಲ್ಲಿ ಅಂಗಡಿಗೆ ಯಾರೇ ಹೋಗ್ತಾರೆ? ಆನ್‌ಲೈನ್‌ನಲ್ಲಿ ನೋಡು. ಒಂದು ಲಕ್ಷ ಲ್ಯೂಮೆನ್ ಬೆಳಕು!"

"ರೀ, ಅದು ಹೆಬ್ಬೆರಳಿನಷ್ಟಿದೆ."

"ಟೆಕ್ನಾಲಜಿ ಕಣೇ."

ಕೊಂಡವರ ಅಭಿಪ್ರಾಯಗಳನ್ನು ಓದಿ ಎಂದೆ. ಅವರು ಗಟ್ಟಿಯಾಗಿ ಓದಿದರು. "ಡೆಲಿವರಿ ಬೇಗ ಬಂತು, ಐದು ಸ್ಟಾರ್." "ಡಬ್ಬ ಚೆನ್ನಾಗಿದೆ, ಐದು ಸ್ಟಾರ್." "ಇನ್ನೂ ಉಪಯೋಗಿಸಿಲ್ಲ, ತುಂಬಾ ಬ್ರೈಟ್ ಇದೆ." ಒಬ್ಬರು ಮಾತ್ರ ಒಂದು ಸ್ಟಾರ್ ಕೊಟ್ಟಿದ್ದರು. ಅವರಿಗೆ ಟಾರ್ಚ್ ಬದಲು ದುಪಟ್ಟಾ ಬಂದಿತ್ತು. ನನಗೆ ಮೂವತ್ತು ಮಕ್ಕಳ ತರಗತಿಗೆ ಸ್ಯಾಂಪಲ್ ಎಂದರೇನು ಎಂದು ವಿವರಿಸಿ ಗೊತ್ತು, ಗಂಡನಿಗೆ ವಿವರಿಸಿ ಗೊತ್ತಿಲ್ಲ. ಅವರು ಆರ್ಡರ್ ಮಾಡಿದರು.

ಟಾರ್ಚ್ ಬಂತು. ಹಾಲ್‌ನಲ್ಲಿ ಕರ್ಟನ್ ಎಳೆದು, ನನ್ನನ್ನು, ಅತ್ತೆಯನ್ನು ಸೋಫಾದಲ್ಲಿ ಕೂರಿಸಿ, ಗಂಡ ಬಟನ್ ಒತ್ತಿದರು. ನಿಜಕ್ಕೂ ಬೆಳಕು ಬಂತು. ಸೀಲಿಂಗಿನ ಮೂಲೆಯಲ್ಲಿದ್ದ ಜೇಡ ಕೂಡ ಗಾಬರಿಯಾಗಿ ಜಾಗ ಬದಲಾಯಿಸಿತು. "ಏನಂತೀಯ?" ಎಂದು ಅವರು ನನ್ನ ಕಡೆ ತಿರುಗುವುದರೊಳಗೆ ಬೆಳಕು ಅರ್ಧವಾಯಿತು. ನಾನು ಏನಾದರೂ ಅನ್ನುವುದರೊಳಗೆ ಕಾಲು ಭಾಗವಾಯಿತು. ಆಮೇಲೆ ದೇವರ ಮನೆಯ ದೀಪಕ್ಕೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ.

"ಅಯ್ಯಪ್ಪಾ!" ಗಂಡ ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಳ್ಳತೊಡಗಿದರು. "ಕಾದ್ಹೋಗಿದೆ!"

ಲಕ್ಷ ಲ್ಯೂಮೆನ್ ಅಷ್ಟೂ ಶಾಖವಾಗಿ ಹೊರಬರುತ್ತಿತ್ತು. ಅವರು ಅದನ್ನು ಸೋಫಾದ ಮೇಲೆ ಬಿಸಾಡಿದರು. ಅತ್ತೆ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು ಎತ್ತಿಕೊಂಡು, ತಮ್ಮ ಬಲ ಮಂಡಿಯ ಮೇಲೆ ಒತ್ತಿಕೊಂಡರು.

"ಆಹಾ" ಎಂದರು.

ಮರುದಿನ ವಾಪಸ್ ಕಳಿಸಲು ಡಬ್ಬ ಹುಡುಕಿದೆ. ಅತ್ತೆ ಅದನ್ನು ಬಚ್ಚಿಟ್ಟಿದ್ದರು. "ಏನಾದ್ರೂ ವಾಪಸ್ ಕಳಿಸಿದ್ರೆ ನೋಡು. ನನ್ನ ಮಗ ಜೀವಮಾನದಲ್ಲಿ ಇದೊಂದು ಒಳ್ಳೇ ಸಾಮಾನು ತಂದಿದ್ದಾನೆ" ಎಂದರು.

ಗಂಡ ಅಭಿಪ್ರಾಯ ಬರೆದರು. ಐದು ಸ್ಟಾರ್.

೩. ಬಜ್ಜಿ ಗಾಡಿ

ಗುಂಪಿನಲ್ಲಿ ಗದಗ ಕಡೆಯವನೊಬ್ಬ ಇದ್ದಾನೆ. ಕುರುಬರಹಳ್ಳಿಯಲ್ಲಿ ರೂಮು. ವಾರವೆಲ್ಲ ಸೈಕಲ್ಲಿನಲ್ಲಿ ಊಟ ಡೆಲಿವರಿ ಮಾಡಿ, ಭಾನುವಾರ ರಜೆ ಎಂದು ಮತ್ತೆ ಸೈಕಲ್ ತುಳಿಯುವ ಮನುಷ್ಯ. ಟಾರ್ಚಿನ ವಿಚಾರದಲ್ಲಿ ಅವನಿಗೆ ತನ್ನದೇ ಸಿದ್ಧಾಂತವಿತ್ತು.

"ಅಕ್ಕಾರ, ಬರೇ ಬೆಳಕ ಇದ್ರ ಏನ್ ಬಂತ್ರಿ? ಮೋಡ್ ಇರಬೇಕ್ರಿ, ಮೋಡ್."

ಅವನ ಟಾರ್ಚಿನಲ್ಲಿ ಮೋಡ್‌ಗಳು ಬೇಕಾದಷ್ಟಿದ್ದವು. ಜೋರು, ಮೆಲ್ಲಗೆ, ಮಿಣುಕು. ಇನ್ನೊಂದರಲ್ಲಿ ಕೆಂಪು ನೀಲಿ ಬೆಳಕು ಒಂದಾದ ಮೇಲೊಂದು ಹೊಡೆಯುತ್ತಿತ್ತು. ಅದು ಯಾಕೆ ಎಂದು ಕೇಳಿದೆ. "ನಾಯಿ ಅಂಜತಾವ್ರಿ" ಎಂದ.

ನಾಯಿ ಅಂಜಿದವೋ ಇಲ್ಲವೋ, ಒಂದು ಸಂಜೆ ಕೆಲಸ ಮುಗಿಸಿ ಹಸಿದು ಬರುತ್ತಿದ್ದವನಿಗೆ ಕುರುಬರಹಳ್ಳಿಯ ತಿರುವಿನಲ್ಲಿ ಬಜ್ಜಿ ಗಾಡಿ ಕಂಡಿದೆ. ಬಾಯಲ್ಲಿ ನೀರು ಬಂದಿದೆ. ಬೇಗ ಬೇಗ ಪೆಡಲ್ ತುಳಿದಿದ್ದಾನೆ. ಟಾರ್ಚ್ ಕೆಂಪು ನೀಲಿ ಮೋಡ್‌ನಲ್ಲೇ ಇತ್ತು.

ಗಾಡಿಯವನು ತಲೆ ಎತ್ತಿ ನೋಡಿದ. ಒಲೆ ಆರಿಸಿದ, ಬಾಣಲೆಗೆ ತಟ್ಟೆ ಮುಚ್ಚಿದ, ಗಾಡಿ ತಳ್ಳಿಕೊಂಡು ಹೊರಟ. ಪಕ್ಕದ ಕಡಲೆಕಾಯಿ ಗಾಡಿ, ಅದರ ಪಕ್ಕದ ಸೌತೆಕಾಯಿ ಗಾಡಿ ಕೂಡ ಹೊರಟವು. ನಿಂತು ತಿನ್ನುತ್ತಿದ್ದವರು ಪ್ಲೇಟ್ ಹಿಡಿದುಕೊಂಡೇ ಉಳಿದರು.

"ನಾ ಒದರೇ ಒದರಿದ್ನ್ರಿ ಅಕ್ಕಾರ, 'ಅಣ್ಣಾ ನಿಲ್ರೀ, ನಿಲ್ರೀ' ಅಂತ. ನಾ ನಿಲ್ರೀ ಅಂದಂಗೆಲ್ಲ ಅವಾ ಜೋರ್ ಮಾಡ್ತಾನ್ರಿ."

"ಟಾರ್ಚ್ ಆಫ್ ಮಾಡಬೇಕಿತ್ತು ತಾನೆ?"

"ಕತ್ತಲದಾಗ ಗಾಡಿ ಹೆಂಗ್ ಕಾಣ್ಬೇಕ್ರಿ ಮತ್ತ?"

ಹೀಗೆ ಬಸವೇಶ್ವರನಗರದ ಏರು ಬರುವ ತನಕ ಮುಂದೆ ಬಜ್ಜಿ, ಹಿಂದೆ ಇವನು. ಏರಿನಲ್ಲಿ ಗಾಡಿಯವನಿಗೆ ಉಸಿರು ಕಟ್ಟಿತು. ನಿಂತು, ಕೈ ಮುಗಿದು, "ಸಾರ್, ನಾಳೆಯಿಂದ ಆ ಜಾಗದಲ್ಲಿ ಹಾಕಲ್ಲ ಸಾರ್, ತಪ್ಪಾಯ್ತು" ಎಂದ.

"ಎರಡ್ ಪ್ಲೇಟ್ ಮೆಣಸಿನಕಾಯಿ ಬಜ್ಜಿ ಕೊಡಪಾ" ಎಂದ ಇವನು.

ಗಾಡಿಯವನು ಇದ್ದದ್ದನ್ನೆಲ್ಲ ಪೇಪರಿನಲ್ಲಿ ಸುತ್ತಿ ಕೊಟ್ಟ. ದುಡ್ಡು ಕೊಡಲು ಹೋದರೆ ಹಿಂದಕ್ಕೆ ಸರಿದು, "ನಿಮ್ಮ ಹತ್ರ ತಗೊಳ್ತೀವಾ ಸಾರ್" ಎಂದನಂತೆ.

ಇದನ್ನೆಲ್ಲ ಹೇಳಿ ಮುಗಿಸಿ ನಮ್ಮ ಗದಗದವನು ಟಾರ್ಚನ್ನು ಪ್ರೀತಿಯಿಂದ ಅಂಗಿಗೆ ಒರೆಸಿಕೊಂಡ. "ರೊಕ್ಕ ವಸೂಲ್ರಿ ಅಕ್ಕಾರ."

೪. ಚಪ್ಪಲಿ

ಕೊನೆಗೆ ನಾನು ಟಾರ್ಚ್ ಕೊಂಡದ್ದು ಕೆಂಗೇರಿಯಲ್ಲಿ, ಕಾಲೇಜು ಮುಗಿಸಿ ಬರುವಾಗ, ಕತ್ತಲಾದ ಮೇಲೆ. ಅಂಗಡಿಯ ಆಚೆ ತೆಗೆದುಕೊಂಡು ಹೋಗಿ ನೋಡಬೇಕು ಎಂದೆ. ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಲ್ಮೆಟ್ ಇಟ್ಟು ಹೋಗಿ ಆಂಟಿ" ಎಂದಳು. ಇಟ್ಟು ಹೋದೆ. ಬೀದಿದೀಪ ಇಲ್ಲದ ಅಡ್ಡರಸ್ತೆಗೆ ಹೋಗಿ ನೆಲಕ್ಕೆ ಬಿಟ್ಟೆ. ಒಂದು ಜಲ್ಲಿಕಲ್ಲು ಕಂಡಿತು. ಸಗಣಿ ಕಂಡಿತು. ಮುಚ್ಚಳ ಇಲ್ಲದ ಒಳಚರಂಡಿ ಚೇಂಬರ್ ಕಂಡಿತು. ಬೆಳಕು ಚಾಪೆಯ ಹಾಗೆ ಅಗಲವಾಗಿ ಹಾಸಿಕೊಂಡಿತ್ತು. ಮುಂದಿನ ತಿರುವು ಕಾಣಲಿಲ್ಲ. ತಿರುವು ಎಲ್ಲಿಗೂ ಓಡಿಹೋಗುವುದಿಲ್ಲ. ಅಂಗಡಿಯಲ್ಲಿದ್ದ ಟಾರ್ಚ್‌ಗಳಲ್ಲಿ ಅದೇ ಅಗ್ಗದ್ದು. ಹಳೆಯ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲ್‌ಗೆ ಕಟ್ಟಿದೆ.

ದೋಷ ಇಲ್ಲ ಎನ್ನುವುದಿಲ್ಲ. ಅದರಲ್ಲಿ ಮೇಲಿನದು ಏನೂ ಕಾಣುವುದಿಲ್ಲ. ಮನೆಗೆ ಬರುವಾಗಲೇ ಕಂಬದಿಂದ ಜೋತುಬಿದ್ದ ಇಂಟರ್ನೆಟ್ ಕೇಬಲ್ ಹೆಲ್ಮೆಟ್ಟಿಗೆ ಸಿಕ್ಕಿಕೊಂಡಿತು. ಯಾರದೋ ಮನೆಯಲ್ಲಿ ಸೀರಿಯಲ್ ನಿಂತಿರಬೇಕು, ಬೈಗುಳ ಕೇಳಿಸಿತು.

ಟೆಸ್ಟ್ ನಡೆಯುವುದು ಕ್ಯಾಪ್ಟನ್ನರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ. ಲೈಟೆಲ್ಲ ಆರಿಸಿ ಅವರು ಒಂದು ತುದಿಯಲ್ಲಿ ನಿಲ್ಲುತ್ತಾರೆ. ಗದಗದವನದು ಮೊದಲು. ಅವನು ಬಿಟ್ಟ ತಕ್ಷಣ ಕ್ಯಾಪ್ಟನ್ನರ ಕೈ ಅಡ್ಡ ಬಂತು, ಬಾಯಿಂದ "ಅಮ್ಮಾ" ಎಂದೂ ಬಂತು. "ಡಿಸ್ಟಿಂಕ್ಷನ್!" ಎಂದರು. ಉಳಿದವರೂ ಒಬ್ಬೊಬ್ಬರಾಗಿ ಪಾಸಾದರು. ಆಮೇಲೆ ನಾನು.

"ಆನ್ ಮಾಡಿ ಮೇಡಂ."

"ಆನ್ ಆಗಿದೆ ಸಾರ್."

"ಎಲ್ಲಿ? ನಿಮ್ಮ ಮುಖ ಕಾಣಿಸ್ತಾ ಇದೆಯಲ್ಲ."

"ಕಾಣಿಸಬಾರದಾ?"

"ಕಾಣಿಸಿದ್ರೆ ಟಾರ್ಚ್ ವೀಕು ಅಂತ. ಎತ್ತಿ ಹಿಡೀರಿ."

"ರೋಡ್ ಕೆಳಗಿದೆ ಸಾರ್."

"ನನ್ನ ಕೈ ಬಂತಾ? ಬರಲಿಲ್ಲ. ಫೇಲ್."

"ಕೈ ಬಿಡಿ ಸಾರ್, ಕಾಲು ನೋಡ್ಕೊಳ್ಳಿ."

ಎಲ್ಲರೂ ನೋಡಿದರು. ನನ್ನ ಟಾರ್ಚಿನ ಚಾಪೆ ಅವರ ಪಾದದವರೆಗೆ ಹಾಸಿತ್ತು. ಬಲಗಾಲಿನಲ್ಲಿ ಕಂದು ಬಣ್ಣದ ಚರ್ಮದ ಚಪ್ಪಲಿ. ಎಡಗಾಲಿನಲ್ಲಿ ಗುಲಾಬಿ ಬಣ್ಣದ್ದು, ಮೇಲೆ ಪ್ಲಾಸ್ಟಿಕ್ಕಿನ ಸೇವಂತಿಗೆ. ಅವರ ಮನೆಯವರದು. ಅಷ್ಟು ಟಾರ್ಚ್ ಪಾಸಾದರೂ ಅದನ್ನು ಯಾರೂ ನೋಡಿರಲಿಲ್ಲ.

ಕ್ಯಾಪ್ಟನ್ ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿಕೊಂಡು, ಒಂಟಿ ಕಾಲಿನಲ್ಲಿ ನಿಂತು, ಗಂಭೀರವಾಗಿ ಹೇಳಿದರು:

"ಅದು ಸಿಲಬಸ್‌ನಲ್ಲಿ ಇಲ್ಲ ಮೇಡಂ. ಟೆಂಪೋ ಬೆಳಕಾದ ಮೇಲೆ ಹೊರಡುತ್ತೆ. ಪಾತ್ರೆ ಮರೀಬೇಡಿ."

೫. ಎಲ್ಲರೂ ಪಾಸ್

ಶನಿವಾರ ಹಾಲಿನ ಗಾಡಿ ಬರುವ ಮುಂಚೆ ಗುಂಪು ಸೇರಿತು. ನಾನೂ ಸೈಕಲ್ ಹಿಡಿದು ನಿಂತಿದ್ದೆ. ಕ್ಯಾಪ್ಟನ್ ಸೀಟಿಯನ್ನು ಬಾಯಿಂದ ತೆಗೆದರು.

"ಮೇಡಂ, ನೀವು ನಮ್ಮ ಜೊತೆ ಬರೋ ಹಾಗಿಲ್ಲ."

"ಜೊತೆ ಬರ್ತಿಲ್ಲ ಸಾರ್. ಮಾಗಡಿಗೆ ಹೋಗ್ತಾ ಇದೀನಿ. ಅದೇ ರೋಡು."

"ಪಾತ್ರೆ?"

"ಅವಕ್ಕೆ ಟಾರ್ಚ್ ಬೇಡ, ಬೆಳಕಾದ ಮೇಲೆ ಬರ್ತವೆ."

ಹೊರಟೆವು. ಕ್ಯಾಪ್ಟನ್ನರ ಟಾರ್ಚ್ ಹೆಲ್ಮೆಟ್ಟಿನ ಮೇಲಿತ್ತು, ಅವರು ಯಾರ ಕಡೆ ತಿರುಗಿದರೂ ಆ ವ್ಯಕ್ತಿ ಸ್ವಲ್ಪ ಹೊತ್ತು ಕೆಲಸಕ್ಕೆ ಬಾರದವನಾಗುತ್ತಿದ್ದ. ಎದುರಿಗೆ ಬಂದ ಟೊಮೇಟೊ ಲಾರಿಯವನು ನಮ್ಮೆಲ್ಲರ ತಾಯಂದಿರನ್ನು ನೆನೆದುಕೊಂಡು ಹೋದ. ಹಿಂದಿನಿಂದ ಅವರ ಬೆಳಕು ಬಿದ್ದು ನನ್ನ ನೆರಳೇ ನನ್ನ ರಸ್ತೆಗೆ ಅಡ್ಡ ಬರುತ್ತಿತ್ತು, ಆದ್ದರಿಂದ ಜೋರಾಗಿ ತುಳಿದು ದೂರ ಮುಂದೆ ಹೋದೆ.

ಬ್ಯಾಡರಹಳ್ಳಿ ದಾಟಿತು. ನನ್ನ ಹಳೆಯ ಗುಂಡಿ ಅಲ್ಲೇ ಇತ್ತು. ಮುಚ್ಚಿರಲಿಲ್ಲ, ಅದರ ಬದಲು ಪೈಪ್ ಸೋರಿ ಒಳಗೆ ಮಂಡಿಯವರೆಗೆ ಕೆಸರು ತುಂಬಿತ್ತು. ಟಾರ್ಚಿನಲ್ಲಿ ಅದರ ಅಂಚು ಬರೆದಿಟ್ಟ ಗೆರೆಯ ಹಾಗೆ ಕಂಡಿತು. ಎಡಕ್ಕೆ ಸರಿದು ದಾಟಿದೆ. ಆಚೆ ಬದಿ ಸೈಕಲ್ ನಿಲ್ಲಿಸಿ ಕೂಗಿದೆ.

"ಗುಂಡಿ! ಎಡಕ್ಕೆ ಬನ್ನಿ!"

ಗುಂಪಿನ ಮುಂದೆ ಇದ್ದ ಕ್ಯಾಪ್ಟನ್ ಎಡಕ್ಕೆ ಬಂದು ದಾಟಿದರು. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಎಚ್ಚರಿಕೆ ಕೊಡುವುದು ಕ್ಯಾಪ್ಟನ್ನರ ಕೆಲಸ. ಅದನ್ನು ಫೇಲಾದವರು ಮಾಡುವುದು ಸರಿಯಲ್ಲ.

"ನೀವು ಸುಮ್ನಿರಿ ಮೇಡಂ, ನಾನ್ ಹೇಳ್ತೀನಿ" ಎಂದು ಸೈಕಲ್ ಇಳಿದು, ಗುಂಡಿಯ ಅಂಚಿಗೆ ಬಂದು, ಬರುತ್ತಿದ್ದವರ ಕಡೆ ಮುಖ ಮಾಡಿ ನಿಂತರು. ಉದ್ದಕ್ಕೆ ಸೀಟಿ ಊದಿದರು. ಎಲ್ಲರೂ ಶಿಸ್ತಿನಿಂದ ಅವರತ್ತ ನೋಡಿದರು. ಹೆಲ್ಮೆಟ್ಟಿನ ಟಾರ್ಚ್ ಪೂರ್ತಿ ಜೋರಿನಲ್ಲಿತ್ತು.

ಎಲ್ಲರ ಕೈಯೂ ಅಡ್ಡ ಬಂತು.

ಮೊದಲು ಗದಗದವನು ಒಳಗೆ ಹೋದ. ಅವನ ಹಿಂದೆ ಎಮ್ಮೆಗೆ ಗುದ್ದಿದ್ದವರು. ಅವರ ಹಿಂದೆ ಚರಂಡಿಯ ಅನುಭವ ಇದ್ದವರು. ನಿಧಾನವಾಗಿ, ಸಾಲಾಗಿ, ಯಾರೂ ಯಾರನ್ನೂ ತಳ್ಳದೆ, ಒಂದು ಕೈ ಹ್ಯಾಂಡಲಿನ ಮೇಲೆ, ಒಂದು ಕೈ ಕಣ್ಣಿನ ಮೇಲೆ. ಕೆಸರು ಮೆತ್ತಗಿತ್ತು, ಯಾರಿಗೂ ಏನೂ ಆಗಲಿಲ್ಲ. ಸೈಕಲ್ಲುಗಳ ಚಕ್ರಗಳು ಮಾತ್ರ ಹಪ್ಪಳದ ಹಾಗೆ ಸೊಟ್ಟಗಾದವು.

"ಏನಾಯ್ತ್ರೋ?" ಎಂದು ಕ್ಯಾಪ್ಟನ್ ಬಗ್ಗಿ ನೋಡಿದರು. ಒಳಗಿದ್ದವರೆಲ್ಲ ದನಿ ಬಂದ ಕಡೆ ಒಟ್ಟಿಗೆ ಟಾರ್ಚ್ ಎತ್ತಿದರು. ಎಲ್ಲವೂ ಅವರ ಕೈಯಲ್ಲೇ ಪಾಸಾದ ಟಾರ್ಚ್‌ಗಳು. ಕ್ಯಾಪ್ಟನ್ನರ ಎರಡೂ ಕೈ ಅಡ್ಡ ಬಂದವು. ಒಂದು ಹೆಜ್ಜೆ ಮುಂದೆ ಇಟ್ಟರು.

ಆಮೇಲೆ ಕೆಸರಿನೊಳಗಿಂದ ಗದಗದ ದನಿ ಬಂತು.

"ಸಾಹೇಬ್ರ, ನಿಮ್ಮ ಟಾರ್ಚ್ ಭಾರಿ ಐತ್ ಬಿಡ್ರಿ. ಏನಂದ್ರ ಏನೂ ಕಾಣಲಿಲ್ಲ ನೋಡ್ರಿ."

ಬೆಳಕಾದ ಮೇಲೆ ಟೆಂಪೋ ಬಂತು. ಸೈಕಲ್ಲುಗಳನ್ನು ಮೇಲೆ ಕಟ್ಟಿದರು. ಜನ ಪಾತ್ರೆಗಳ ಮಧ್ಯೆ ಜಾಗ ಮಾಡಿಕೊಂಡು ಕೂತರು. ಅನ್ನದ ದೊಡ್ಡ ತಪ್ಪಲೆಗೆ ಬೇರೆ ಜಾಗ ಇರಲಿಲ್ಲ, ಅದು ಕ್ಯಾಪ್ಟನ್ನರ ತೊಡೆಯ ಮೇಲೆ ಬಂತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಸಾರ್" ಎಂದೆ. "ಉರುಳುತ್ತೆ."

ಅವರು ತಪ್ಪಲೆಯನ್ನು ಅಪ್ಪಿಕೊಂಡು ನನ್ನನ್ನು ನೋಡಿದರು. ಮೀಸೆಯಲ್ಲಿ ಕೆಸರಿತ್ತು. ನಿಜವಾಗಿಯೂ ಅರ್ಥವಾಗದ ಮನುಷ್ಯನ ಮುಖ.

"ಅಲ್ಲ ಮೇಡಂ, ಅಷ್ಟೊಂದು ಲೈಟಿತ್ತು. ಒಬ್ಬರಿಗೂ ಕಾಣಲಿಲ್ಲ, ನಿಮಗೆ ಹೆಂಗೆ ಕಂಡಿತು?"

ಸೈಕಲ್ ಹತ್ತಿದೆ. ಮಾಗಡಿ ಇನ್ನೂ ದೂರವಿತ್ತು.

ಗುಂಡಿ ನೆಲದಲ್ಲಿತ್ತು.